ಸೋರಿಕೆಯ ಮೂಲ

ಖಾನಾಪುರದ ಜೇಡಿಮಣ್ಣು ಹೆಸರಾದುದು. ಆ ಮಣ್ಣಿನ ಹಂಚುಗಳು, ಗಡಿಗೆ-ಮಡಕೆಗಳು ಸುತ್ತಣ ಸೀಮೆಗೆಲ್ಲ ಪರಿಚಿತವಾದವು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯು ಆ ಊರಿನಲ್ಲಿ ನೆಲೆಗೊಂಡುದು ಈ ಕಸುಬಿನ ಹಿರಿಮೆಗೆ ಸಾಕ್ಷಿಯಾಗಿದೆ. ಸಂತೆಗೆ ಬಂದ ಹೆಣ್ಣುಮಗಳು ಗಡಿಗೆಯನ್ನು ಕೊಳ್ಳುವ ಮುನ್ನ ಅದನ್ನು ಅಂಗೈಯ ಮೇಲೆತ್ತಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾಳೆ. ಗಟ್ಟಿ ಗಡಿಗೆ ಗಣ್ಣೆಂದು ನುಡಿಯುತ್ತದೆ. ಬಿರುಕು ಬಿಟ್ಟ ಗಡಿಗೆಯ ದನಿ ಒಡೆದಿರುತ್ತದೆ. ಕಣ್ಣು ಕಾಣದ ದೋಷವನ್ನು ಕಿವಿ ಹಿಡಿಯುತ್ತದೆ. ಸೋರುವ ಗಡಿಗೆ ಎಲ್ಲಿ ಸೋರುತ್ತದೆ ಎಂಬುದನ್ನರಿಯದೆ ಮೈಗೆಲ್ಲ ಅರಗು ಮೆತ್ತುವವರು ಯಾರೂ ಇಲ್ಲ. ಆದರೆ ಇದೇ ವಿವೇಕವು ಯಂತ್ರಗಳ ವಿಷಯಕ್ಕೆ ಬಂದಾಗ ಮಾಯವಾಗುವುದುಂಟು. ಮೋಟಾರು ಗಾಡಿಯ ಎಂಜಿನ್ನೂ ಒಂದು ಬಗೆಯಲ್ಲಿ ನೀರು ತುಂಬಿದ ಗಡಿಗೆಯೇ ಸರಿ. ಅದು ಸೋರಿದಾಗ ಮೂಲವನ್ನು ಹುಡುಕುವ ತಾಳ್ಮೆ ಎಷ್ಟು ಬೆಲೆಯುಳ್ಳದ್ದು ಎಂಬುದನ್ನು ಅದೇ ತಾಲೂಕಿನ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರ ಅನುಭವವು ಚೆನ್ನಾಗಿ ತಿಳಿಸಿಕೊಡುತ್ತದೆ.

ಈ ಮಾಸ್ತರರ ಪತ್ನಿಗೆ ಮೂತ್ರಪಿಂಡಗಳ ಶಕ್ತಿ ಕುಂದಿ, ವಾರಕ್ಕೆ ಎರಡು ದಿನ ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಡಯಾಲಿಸಿಸ್ ಚಿಕಿತ್ಸೆ ಪಡೆಯಬೇಕಾದ ಪ್ರಸಂಗ ಬಂದಿತು. ಖಾನಾಪುರದಿಂದ ಬೆಳಗಾವಿಗೆ ಸುಮಾರು ೨೬ ಕಿಲೋಮೀಟರು. ಹಿಂದೆ ನಾಲ್ಕು-ಎ ಎಂದು ಕರೆಯಿಸಿಕೊಳ್ಳುತ್ತಿದ್ದು, ಈಗ ೭೪೮ ಎಂಬ ಸಂಖ್ಯೆಯನ್ನು ಹೊತ್ತಿರುವ ಗೋವೆಯ ಹೆದ್ದಾರಿಯೇ ಅವರ ದಾರಿ. ಬೆಳಿಗ್ಗೆ ಹೊರಟು, ನಾಲ್ಕು ತಾಸಿನ ಚಿಕಿತ್ಸೆ ಮುಗಿಸಿ, ಇಳಿಹೊತ್ತಿಗೆ ಮನೆ ಸೇರುವುದು ವಾಡಿಕೆ. ಚಿಕಿತ್ಸೆಯ ತರುವಾಯ ಆ ತಾಯಿಗೆ ರಕ್ತದೊತ್ತಡ ಇಳಿದು ತಲೆ ಸುತ್ತುತ್ತಿತ್ತು. ಬಸ್ಸಿನ ನೂಕುನುಗ್ಗಲಿನಲ್ಲಿ ನಿಲ್ಲುವ ತ್ರಾಣವಿರಲಿಲ್ಲ. ಹೀಗಾಗಿ ಮನೆಯಲ್ಲಿದ್ದ ಹದಿನಾರು ವರ್ಷ ಹಳೆಯದಾದ ಪೆಟ್ರೋಲು ಕಾರೇ ಅವರಿಗೆ ಆಧಾರವಾಯಿತು. ಆ ಗಾಡಿ ಒಂದು ದಿನ ನಿಂತರೆ ಒಂದು ಚಿಕಿತ್ಸೆ ತಪ್ಪುತ್ತದೆ. ಒಂದು ಚಿಕಿತ್ಸೆ ತಪ್ಪಿದರೆ ಮೈಯಲ್ಲಿ ನೀರು ತುಂಬಿ ಉಸಿರಿಗೇ ಕುತ್ತು ಬರುತ್ತದೆ. ಮಾಸ್ತರರಿಗೆ ಆ ಗಾಡಿಯು ಕೇವಲ ವಾಹನವಾಗಿ ಉಳಿದಿರಲಿಲ್ಲ.

ಇಂಥ ರೋಗಿಗಳ ಬಾಳು ನೀರಿನ ಲೆಕ್ಕದ ಬಾಳು. ಮೂತ್ರಪಿಂಡಗಳು ಹೊರಹಾಕಲಾರದ ನೀರು ದೇಹದಲ್ಲಿಯೇ ನಿಲ್ಲುವುದರಿಂದ, ಕುಡಿಯುವ ಒಂದೊಂದು ಲೋಟಕ್ಕೂ ಮಿತಿಯುಂಟು. ಚಿಕಿತ್ಸೆಯ ಮೊದಲು ಒಂದು ತೂಕ, ಅನಂತರ ಇನ್ನೊಂದು ತೂಕ; ಹೆಚ್ಚಿನ ನೀರೆಲ್ಲ ಹೋದ ಮೇಲೆ ಉಳಿಯುವ ತೂಕಕ್ಕೆ ಒಣತೂಕವೆಂದು ಹೆಸರು. ಆಸ್ಪತ್ರೆಯ ದಾದಿಯು ಹೇಳಿದಂತೆ ಮಾಸ್ತರರು ಒಂದು ನೋಟುಬುಕ್ಕು ಇಟ್ಟು, ದಿನಾಂಕ, ತೂಕ, ಕುಡಿದ ನೀರು, ರಕ್ತದೊತ್ತಡ ಎಂದು ಗೆರೆ ಎಳೆದು ಬರೆಯತೊಡಗಿದರು. ಒಂದೇ ತಕ್ಕಡಿ, ಒಂದೇ ಬಗೆಯ ಉಡುಪು, ಒಂದೇ ಹೊತ್ತು: ಈ ಮೂರು ತಪ್ಪಿದರೆ ಬರೆದ ಅಂಕಿಗೆ ಅರ್ಥವಿಲ್ಲ ಎಂದು ದಾದಿ ಎಚ್ಚರಿಸಿದ್ದಳು. ಪ್ರಯೋಗಶಾಲೆಯಲ್ಲಿ ಮೂವತ್ತು ವರ್ಷ ಕಳೆದ ಶಿಕ್ಷಕರಿಗೆ ಈ ಮಾತು ಹೊಸದೇನೂ ಆಗಿರಲಿಲ್ಲ.

ಒಂದು ಬೇಸಗೆಯಲ್ಲಿ ಗಾಡಿಯ ನೀರೂ ಕಡಮೆಯಾಗತೊಡಗಿತು. ಎಂಜಿನ್ನಿನ ಪಕ್ಕದಲ್ಲಿರುವ ಪ್ಲಾಸ್ಟಿಕ್ಕಿನ ಡಬ್ಬಿಯಲ್ಲಿ ಶೀತಕ ದ್ರವ, ಅಂದರೆ ಪೇಟೆಯವರು ಕೂಲಂಟ್ ಎಂದು ಕರೆಯುವ ಹಸಿರು ದ್ರವವು, ಮೇಲಿನ ಗುರುತಿನಿಂದ ಕೆಳಗಿನ ಗುರುತಿಗೆ ನಾಲ್ಕೈದು ದಿನಗಳಲ್ಲಿ ಇಳಿಯುತ್ತಿತ್ತು. ಗಾಡಿ ನಿಲ್ಲುವ ಮಣ್ಣುನೆಲದ ಮೇಲೆ ಒದ್ದೆಯ ಗುರುತು ಕಾಣಲಿಲ್ಲ. ಆಗ ಎಲ್ಲರೂ ಮಾಡುವುದನ್ನೇ ಅವರೂ ಮಾಡಿದರು: ಬಾವಿಯ ನೀರನ್ನು ಸುರಿದು ಮುಂದೆ ಸಾಗಿದರು. ಕೆಲವು ವಾರ ಹೀಗೆಯೇ ನಡೆಯಿತು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಚಿಕಿತ್ಸೆ ಮುಗಿಸಿ ಮರಳುವಾಗ ದೇಸೂರಿನ ಸಮೀಪ ಉಷ್ಣತೆಯ ಮುಳ್ಳು ಕೆಂಪು ಗೆರೆಯತ್ತ ಏರಿತು. ಮಾಸ್ತರರು ಗಾಡಿಯನ್ನು ಮರದ ನೆರಳಿಗೆ ಸರಿಸಿ ಎಂಜಿನ್ನನ್ನು ಆರಿಸಿದರು. ನೆರವಿಗೆ ಬಂದ ದಾರಿಹೋಕನೊಬ್ಬನು ಉತ್ಸಾಹದಿಂದ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದಾಗ ಅವರು ಆತನ ಮುಂಗೈ ಹಿಡಿದು ತಡೆದರು.

ಹಾಗೆ ತಡೆದುದಕ್ಕೆ ಕಾರಣವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಅರಿತಿರಬೇಕು. ಸಮುದ್ರಮಟ್ಟದಲ್ಲಿ ನೀರು ೧೦೦ ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು ೭೫೦ ಮೀಟರು ಎತ್ತರದಲ್ಲಿರುವ ಬೆಳಗಾವಿಯಲ್ಲಿ ಅದು ೯೭-೯೮ ಡಿಗ್ರಿಗೇ ಕುದಿಯುತ್ತದೆ. ಎಂಜಿನ್ನು ಚೆನ್ನಾಗಿ ದುಡಿಯುವುದು ೯೦ ಡಿಗ್ರಿಯ ಆಸುಪಾಸಿನಲ್ಲಿ. ಆದ್ದರಿಂದ ಕುದಿತಕ್ಕೂ ಕಾರ್ಯಕ್ಕೂ ನಡುವೆ ಅಂತರ ಉಳಿಸಲು ರೇಡಿಯೇಟರಿನ ಮುಚ್ಚಳವನ್ನು ಬಿಗಿಯಾದ ಸ್ಪ್ರಿಂಗಿನೊಡನೆ ರಚಿಸಿರುತ್ತಾರೆ. ಅದು ಒಳಗಿನ ಒತ್ತಡವನ್ನು ಹೊರಗಿನದಕ್ಕಿಂತ ಸುಮಾರು ಒಂದು ವಾಯುಭಾರದಷ್ಟು ಹೆಚ್ಚಾಗಿ ಕಾಯ್ದಿಡುತ್ತದೆ. ಆ ಒತ್ತಡದಲ್ಲಿ ನೀರು ೧೨೦ ಡಿಗ್ರಿಯವರೆಗೂ ಕುದಿಯದೆ ಇರಬಲ್ಲುದು. ಬಿಸಿಯಾಗಿರುವಾಗ ಮುಚ್ಚಳ ತೆರೆದರೆ ಒತ್ತಡವು ಥಟ್ಟನೆ ಇಳಿದು, ಒಳಗಿನ ನೀರು ಕ್ಷಣಾರ್ಧದಲ್ಲಿ ಹಬೆಯಾಗಿ ಚಿಮ್ಮಿ ಮುಖವನ್ನೇ ಸುಡುತ್ತದೆ. ಮುಕ್ಕಾಲು ತಾಸು ಕಾದು, ಮೇಲಿನ ಕೊಳವೆ ಕೈಗೆ ತಣ್ಣಗೆ ಹತ್ತಿದ ಮೇಲೆ, ಬಟ್ಟೆ ಹೊದಿಸಿ ಮುಚ್ಚಳ ತೆರೆದು ನೀರು ತುಂಬಿ ಅವರು ಊರು ಸೇರಿದರು. ಅಷ್ಟು ಹೊತ್ತೂ ಆ ತಾಯಿ ಹಿಂದಿನ ಆಸನದಲ್ಲಿ ಕಣ್ಣು ಮುಚ್ಚಿ ಮಲಗಿದ್ದರು. ಬಾಯಾರಿದ್ದರೂ ನೀರು ಕೇಳಲಿಲ್ಲ. ಆ ದಿನದ ಪಾಲು ಮುಗಿದಿತ್ತು.

ಎಂಜಿನ್ನಿನೊಳಗೆ ಈ ನೀರಿಗೆ ಏನು ಕೆಲಸ ಎಂಬುದನ್ನೂ ಇಲ್ಲಿ ಹೇಳುವುದು ಉಚಿತ. ಉರಿಯುವ ಪೆಟ್ರೋಲಿನ ಶಕ್ತಿಯಲ್ಲಿ ಸ್ಥೂಲವಾಗಿ ಮೂರರಲ್ಲಿ ಒಂದು ಪಾಲು ಹೊಗೆಯ ಸಂಗಡ ಹೊರಹೋಗುತ್ತದೆ. ಇನ್ನೊಂದು ಪಾಲು ಲೋಹವನ್ನು ಕಾಯಿಸುತ್ತದೆ. ಉಳಿದುದಷ್ಟೇ ಗಾಲಿ ತಿರುಗಿಸಲು ದೊರೆಯುತ್ತದೆ. ಲೋಹದ ಕಾವನ್ನು ಹೊತ್ತು ಹೊರಗೆ ಸಾಗಿಸುವ ಹಮಾಲನೇ ಈ ದ್ರವ. ೧೮೮೬ರಲ್ಲಿ ಕಾರ್ಲ್ ಬೆಂಜ್ ರಚಿಸಿದ ಮೂರು ಗಾಲಿಯ ಗಾಡಿಯಲ್ಲಿ ನೀರು ಕಾದು ಆವಿಯಾಗಿ ಹೋಗುತ್ತಿತ್ತು. ಸವಾರನು ಆಗಾಗ ತುಂಬಬೇಕಾಗುತ್ತಿತ್ತು. ೧೯೦೦ರಲ್ಲಿ ವಿಲ್ಹೆಲ್ಮ್ ಮೈಬಾಕ್ ಎಂಬ ಜರ್ಮನ್ ಯಂತ್ರಶಿಲ್ಪಿಯು ಸಾವಿರಾರು ಸಣ್ಣ ನಳಿಕೆಗಳನ್ನು ಜೇನುಹುಟ್ಟಿನಂತೆ ಜೋಡಿಸಿ ರೇಡಿಯೇಟರನ್ನು ರೂಪಿಸಿದನು. ಅದರಿಂದ ಅದೇ ನೀರು ಮರಳಿ ಮರಳಿ ತಣಿದು ದುಡಿಯುವುದು ಇನ್ನಷ್ಟು ಸುಲಭವಾಯಿತು. ಸಣ್ಣ ಕಾರೊಂದರಲ್ಲಿ ಇರುವುದು ನಾಲ್ಕೈದು ಲೀಟರು ಮಾತ್ರ. ಪಂಪು ಅದನ್ನು ಎಂಜಿನ್ನಿನ ಒಡಲಿನಲ್ಲಿ ಸುತ್ತಿಸಿ ರೇಡಿಯೇಟರಿಗೆ ನೂಕುತ್ತದೆ. ಈ ಸುತ್ತು ಮುಚ್ಚಿದ ಸುತ್ತು. ಒಳಗಿನ ದ್ರವ ಕಡಮೆಯಾಗುತ್ತಿದ್ದರೆ ಅದು ಎಲ್ಲಿಯೋ ಹೊರಹೋಗುತ್ತಿದೆ ಎಂದೇ ಅರ್ಥ.

ದೇಸೂರಿನ ಘಟನೆಯ ತರುವಾಯ ಮಾಸ್ತರರು ಗಾಡಿಯನ್ನು ದುರಸ್ತಿಗೆ ಒಯ್ದರು. ಒಂದು ಕಡೆಯಲ್ಲಿ ಮುಚ್ಚಳ ಸಡಿಲಾಗಿದೆಯೆಂದು ಹೊಸದು ಹಾಕಿದರು. ನೀರು ಇಳಿಯುವುದು ನಿಲ್ಲಲಿಲ್ಲ. ಇನ್ನೊಂದು ಕಡೆಯಲ್ಲಿ ಮೇಲಿನ ರಬ್ಬರಿನ ಕೊಳವೆಯನ್ನೂ ಪಟ್ಟಿಗಳನ್ನೂ ಬದಲಿಸಿದರು, ಆಗಲೂ ನಿಲ್ಲಲಿಲ್ಲ. ಮೂರನೆಯ ಕಡೆಯಲ್ಲಿ ಗಾಳಿಯೊತ್ತುವ ಉಪಕರಣದಿಂದ ತಣ್ಣಗಿದ್ದ ಎಂಜಿನ್ನನ್ನು ಪರೀಕ್ಷಿಸಿದರು. ಒತ್ತಡ ಇಳಿಯಲಿಲ್ಲ, ಹೊರಗೆ ಹನಿಯೂ ಕಾಣಲಿಲ್ಲ. ಹೊರಗೆ ಸೋರದಿದ್ದರೆ ಒಳಗೇ ಸೋರುತ್ತಿರಬೇಕು, ಎಂಜಿನ್ನಿನ ತಲೆಯ ಗ್ಯಾಸ್ಕೆಟ್ಟು ಹೋಗಿದೆ, ಎಂಜಿನ್ನು ಬಿಚ್ಚಬೇಕು, ಎಂಟು ಹತ್ತು ದಿನ ಹಿಡಿಯುತ್ತದೆ ಎಂದು ತೀರ್ಪು ಕೊಟ್ಟರು. ಎಂಟು ಹತ್ತು ದಿನವೆಂದರೆ ಎರಡು ಮೂರು ಚಿಕಿತ್ಸೆಗಳು. ಮೂರೂ ಕಡೆಗಳಲ್ಲಿ ದುಡಿಯುವವರು ಕೆಲಸಗೇಡಿಗಳೇನೂ ಆಗಿರಲಿಲ್ಲ. ಆದರೆ ಮೂವರೂ ಊಹೆಯಿಂದ ಆರಂಭಿಸಿದ್ದರು.

ಆ ರಾತ್ರಿ ಮಾಸ್ತರರು ಪತ್ನಿಯ ತೂಕವನ್ನು ಬರೆಯಲು ನೋಟುಬುಕ್ಕು ತೆರೆದಾಗ ಅವರಿಗೊಂದು ವಿಚಾರ ಹೊಳೆಯಿತು. ಮನುಷ್ಯದೇಹದ ನೀರನ್ನು ಇಷ್ಟು ಕಟ್ಟುನಿಟ್ಟಾಗಿ ಅಳೆಯುವ ತಾವು ಗಾಡಿಯ ನೀರನ್ನು ಒಮ್ಮೆಯೂ ಅಳೆದಿರಲಿಲ್ಲ. ಅದೇ ಹಾಳೆಯ ಬಲಭಾಗದಲ್ಲಿ ಹೊಸದೊಂದು ಗೆರೆ ಎಳೆದರು. ಡಬ್ಬಿಯ ಮೈಗೆ ಅಳತೆಪಟ್ಟಿಯ ಕಾಗದ ಅಂಟಿಸಿದರು. ದಿನವೂ ಬೆಳಿಗ್ಗೆ, ಎಂಜಿನ್ನು ತಣ್ಣಗಿರುವಾಗ, ಅದೇ ಸಮತಟ್ಟಾದ ಜಾಗದಲ್ಲಿ ಮಟ್ಟವನ್ನು ನೋಡಿ ಬರೆದರು. ಹಿಂದಿನ ದಿನ ಓಡಿದ ದೂರವನ್ನೂ ಬರೆದರು. ಗಾಡಿ ಮನೆಗೆ ಬಂದೊಡನೆ ಅದರಡಿ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಬಿಳಿಯ ಬೆನ್ನು ಮೇಲೆ ಮಾಡಿ ಹಾಸಿದರು.

ಹದಿನೈದು ದಿನಗಳಲ್ಲಿ ಅಂಕಿಗಳು ಮಾತನಾಡತೊಡಗಿದವು. ಗಾಡಿ ಎರಡು ದಿನ ಕದಲದೆ ನಿಂತಾಗ ಮಟ್ಟವು ಕೂದಲೆಳೆಯಷ್ಟೂ ಇಳಿಯಲಿಲ್ಲ. ನಂದಗಡಕ್ಕೆ ಹೋಗಿಬಂದ ದಿನ ತುಸುವೇ ಇಳಿಯಿತು; ಬೆಳಗಾವಿಗೆ ಹೋಗಿಬಂದ ದಿನ ಅದರ ಎರಡು ಮೂರು ಪಟ್ಟು ಇಳಿಯಿತು. ಓಟ ಹೆಚ್ಚಿದಂತೆ ನಷ್ಟ ಹೆಚ್ಚು. ಹಾಸಿದ ಹಾಳೆಯ ಮೇಲೆ, ಗಾಡಿ ಬಂದು ನಿಂತ ಮೊದಲ ಕಾಲು ತಾಸಿನಲ್ಲಿ ಮಾತ್ರ, ಪಟ್ಟಿ ತಿರುಗುವ ಮಗ್ಗುಲಿನಲ್ಲಿ ಎರಡು ಮೂರು ಹನಿಗಳು ಬಿದ್ದು ತೆಳುಹಸಿರಿನ ಉಂಗುರವನ್ನು ಉಳಿಸಿ ಆರುತ್ತಿದ್ದವು. ಮಣ್ಣುನೆಲವು ಇದನ್ನು ಕುಡಿದು ಮರೆಮಾಡಿತ್ತು. ಬಿಳಿಯ ಕಾಗದ ಮರೆಮಾಡಲಿಲ್ಲ. ಎಂಜಿನ್ನಿನ ಎಣ್ಣೆಯನ್ನು ಅದ್ದುಕಡ್ಡಿಯಿಂದ ನೋಡಿದರೆ ಅದು ಶುಭ್ರವಾಗಿತ್ತು, ಹಾಲು ಬೆರೆತ ಚಹದಂತೆ ಆಗಿರಲಿಲ್ಲ. ಹೊಗೆಕೊಳವೆಯಿಂದ ಬಿಡದ ಬಿಳಿಹೊಗೆ ಇರಲಿಲ್ಲ. ತಣ್ಣಗಿರುವಾಗ ಮುಚ್ಚಳ ತೆಗೆದು ಚಾಲು ಮಾಡಿದರೆ ನೀರಿನಲ್ಲಿ ಗುಳ್ಳೆಗಳು ಏಳಲಿಲ್ಲ. ಒಳಗಿನ ಕಾಲಹಾಸಿಗೆ ಒದ್ದೆಯಾಗಿರಲಿಲ್ಲ. ತಲೆಯ ಗ್ಯಾಸ್ಕೆಟ್ಟು ಹೋದುದಕ್ಕೆ ಸಾಕ್ಷಿಯೇ ಇರಲಿಲ್ಲ.

ಈ ನೋಟುಬುಕ್ಕಿನೊಡನೆ ಅವರು ಬೆಳಗಾವಿಯ ಉದ್ಯಮಬಾಗಿನ ಕಡೆಗೆ ಹೋದರು. ಖಾನಾಪುರದ ಹೆದ್ದಾರಿಯಲ್ಲಿ ಮಚ್ಛೆ, ಪೀರನವಾಡಿಗಳನ್ನು ದಾಟಿ ನಗರವನ್ನು ಹೊಗುವಾಗ ಸಿಗುವ ಈ ಕೈಗಾರಿಕಾ ಪ್ರದೇಶವು ಎರಕದ ಕಾರ್ಖಾನೆಗಳಿಗೂ ಲೇತು ಯಂತ್ರಗಳಿಗೂ ಹೆಸರಾದುದು. ಕಬ್ಬಿಣವನ್ನು ಕರಗಿಸಿ ಪಂಪಿನ ಒಡಲನ್ನು ಎರೆಯಬಲ್ಲ ಕೈಗಳು ಅಲ್ಲಿ ತಲೆಮಾರುಗಳಿಂದ ದುಡಿಯುತ್ತಿವೆ. ಅಲ್ಲಿ ಒಂದು ಸಣ್ಣ ಶೆಡ್ಡಿನಲ್ಲಿ ವಯಸ್ಸಾದ ಮಿಸ್ತ್ರಿಯೊಬ್ಬರಿದ್ದರು. ಮನೆಮಾತು ಮರಾಠಿಯಾದರೂ ಗಡಿನಾಡಿನ ಕನ್ನಡವನ್ನು ಸಲೀಸಾಗಿ ಆಡುವವರು. ಅವರು ಗಾಡಿಯನ್ನು ಮುಟ್ಟುವ ಮೊದಲು ನೋಟುಬುಕ್ಕನ್ನು ಓದಿಸಿಕೊಂಡರು.

“ಮಾಸ್ತರ್ರ, ಇಷ್ಟು ಬರಕೊಂಡು ಬಂದವ್ರು ಯಾರೂ ಇಲ್ರಿ. ಅರ್ಧಾ ಕೆಲಸ ನೀವ ಮುಗಿಸೀರಿ,” ಎಂದರು. “ನಿಂತಾಗ ಸೋರಂಗಿಲ್ಲ, ಓಡುವಾಗ ಸೋರತೈತಿ ಅಂದ್ರ ತಿರಗೂ ಸಾಮಾನದಾಗ ನೋಡಬೇಕು.”

ಎಂಜಿನ್ನಿನಲ್ಲಿ ನೀರನ್ನು ಮುಟ್ಟಿಕೊಂಡು ತಿರುಗುವ ಭಾಗ ಒಂದೇ, ನೀರಿನ ಪಂಪು. ಮಿಸ್ತ್ರಿ ಮುಚ್ಚಳ ಬಿಗಿದು ಎಂಜಿನ್ನನ್ನು ಚಾಲು ಮಾಡಿಸಿ, ಫ್ಯಾನು ತಿರುಗಿ ನಿಲ್ಲುವಷ್ಟು ಕಾಯಿಸಿದರು. ಹೆಗಲ ಮೇಲಿನ ವಸ್ತ್ರವನ್ನು ತೆಗೆದಿಟ್ಟು, ತಿರುಗುವ ಪಟ್ಟಿಯಿಂದ ಕೈ ದೂರವಿಟ್ಟು, ಉದ್ದ ಹಿಡಿಕೆಯ ಕನ್ನಡಿಯನ್ನೂ ದೀಪವನ್ನೂ ಪಂಪಿನ ಕೆಳಗೆ ಹಿಡಿದರು. ಪಂಪಿನ ಕತ್ತಿನಡಿ ಒಂದು ಸಣ್ಣ ರಂಧ್ರ. ಅದರ ಕೆಳಗೆ ಒಣಗಿದ ಹಸಿರು ಕರೆ. ರಂಧ್ರದ ಅಂಚಿನಲ್ಲಿ ಒಂದು ಹನಿ. ಅದು ಬೆಳೆಯಿತು, ಜಾರಿತು, ಕಾದ ಲೋಹಕ್ಕೆ ತಾಗಿ ಆವಿಯಾಯಿತು. ತಿಂಗಳುಗಟ್ಟಲೆ ಕಾಣದಿದ್ದ ಸೋರಿಕೆ ಅಲ್ಲಿತ್ತು. ದಂಡ ತಿರುಗುವಾಗ ಮಾತ್ರ ಬಾಯಿ ಬಿಡುವ ಮುದ್ರೆಯು, ತಣ್ಣಗೆ ನಿಂತ ಎಂಜಿನ್ನಿನ ಪರೀಕ್ಷೆಯಲ್ಲಿ ಸಿಕ್ಕಿಬೀಳದೆ ಹೋದುದರಲ್ಲಿ ಆಶ್ಚರ್ಯವಿಲ್ಲ.

ಮಿಸ್ತ್ರಿಯ ಕೈಕೆಳಗಿನ ಹುಡುಗ ಇದನ್ನು ಬಗ್ಗಿ ನೋಡಿ, “ಮಾಮಾ, ಆ ತೂತಿಗೆ ಅಂಟು ತುಂಬಿ ಮುಚ್ಚಿದ್ರ ಆತಲ್ಲ?” ಎಂದನು.

ಮಿಸ್ತ್ರಿ ನಗಲಿಲ್ಲ, ಗದರಿಸಲೂ ಇಲ್ಲ. “ಆ ತೂತು ಒಡದದ್ದಲ್ಲ ತಮ್ಮಾ, ಪಂಪು ಮಾಡಿದವ್ರ ತಿಳದು ಇಟ್ಟದ್ದು. ಅದು ಪಂಪಿನ ಬಾಯಿ. ಬಾಯಿ ಮುಚ್ಚಿದ್ರ ಬ್ಯಾನಿ ಹೋಗತೈತೇನ? ನೀರು ಬೇರಿಂಗಿಗೆ ಇಳೀತೈತಿ, ಬೇರಿಂಗ್ ಹಿಡೀತೈತಿ, ಬೆಲ್ಟ್ ಹರೀತೈತಿ. ಆಮ್ಯಾಲ ಅಮ್ಮಾರನ್ನ ಕರಕೊಂಡು ಮಾಸ್ತರ್ರು ನಡು ದಾರ್ಯಾಗ ನಿಲ್ಲಬೇಕಾಗತೈತಿ,” ಎಂದರು.

ಈ ಮಾತಿನಲ್ಲಿ ಪಂಪಿನ ರಚನೆಯೆಲ್ಲ ಅಡಗಿದೆ. ಪಂಪಿನ ದಂಡವು ಒಂದು ತುದಿಯಲ್ಲಿ ನೀರನ್ನು ನೂಕುತ್ತದೆ. ಇನ್ನೊಂದು ತುದಿಯಲ್ಲಿ ಬೇರಿಂಗಿನ ಮೇಲೆ ತಿರುಗುತ್ತದೆ. ನಡುವೆ ನೀರನ್ನು ತಡೆಯುವ ಮುದ್ರೆಯುಂಟು. ಆ ಮುದ್ರೆಯು ಒಂದಲ್ಲ ಒಂದು ದಿನ ಸವೆಯುತ್ತದೆಂಬುದು ರಚಿಸಿದವರಿಗೆ ಗೊತ್ತು. ಸವೆದಾಗ ನೀರು ಬೇರಿಂಗನ್ನು ಸೇರಿ ಅದನ್ನು ಕೆಡಿಸದಿರಲೆಂದು, ಮುದ್ರೆಗೂ ಬೇರಿಂಗಿಗೂ ನಡುವೆ ಕೆಳಮುಖವಾಗಿ ಈ ರಂಧ್ರವನ್ನು ಕೊರೆದಿರುತ್ತಾರೆ. ನೀರು ಹೊರಬೀಳುವುದೇ ಎಚ್ಚರಿಕೆ. ದೋಷವನ್ನು ಬಚ್ಚಿಡದೆ ಹೊರಗೆಡಹಲೆಂದೇ ಮಾಡಿದ ದ್ವಾರವದು.

ದುರಸ್ತಿಗೆ ಅರ್ಧ ದಿನ ಸಾಕಾಯಿತು. ತಣ್ಣಗಾದ ಎಂಜಿನ್ನಿನಿಂದ ದ್ರವವನ್ನು ಬೋಗುಣಿಗೆ ಇಳಿಸಿದರು. ಪಟ್ಟಿಯನ್ನು ಸಡಿಲಿಸಿ, ರಾಟೆಯನ್ನೂ ಬೋಲ್ಟುಗಳನ್ನೂ ಬಿಚ್ಚಿ ಹಳೆಯ ಪಂಪನ್ನು ತೆಗೆದರು. ಅದರ ದಂಡವನ್ನು ಕೈಯಲ್ಲಿ ಹಿಡಿದು ಅಲುಗಿಸಿದಾಗ ಸಣ್ಣ ಸಡಿಲು ತಿಳಿಯುತ್ತಿತ್ತು. ಎಂಜಿನ್ನಿನ ಮೈಗೆ ಅಂಟಿದ್ದ ಹಳೆಯ ಗ್ಯಾಸ್ಕೆಟ್ಟನ್ನು ಲೋಹಕ್ಕೆ ಗೀರು ಬೀಳದಂತೆ ಕೆರೆದು ತೆಗೆಯುವುದಕ್ಕೇ ಹೆಚ್ಚಿನ ಹೊತ್ತು ಹಿಡಿಯಿತು. ಹೊಸ ಗ್ಯಾಸ್ಕೆಟ್ಟು, ಹೊಸ ಪಂಪು, ಬೋಲ್ಟುಗಳನ್ನು ಒಂದೇ ಕಡೆಯಿಂದ ಬಿಗಿಯದೆ ಎದುರೆದುರಿನವನ್ನು ಸರದಿಯ ಮೇಲೆ ಬಿಗಿಯುವುದು: ಎಲ್ಲವೂ ಕ್ರಮದಂತೆ ನಡೆಯಿತು. ಬಳಿಕ ಒಳಗನ್ನು ಶುದ್ಧ ನೀರಿನಿಂದ ತೊಳೆದರು. ತುಕ್ಕಿನ ಬಣ್ಣದ ನೀರು ಹೊರಬಂದಿತು. ಆಗ ಮಿಸ್ತ್ರಿ ಬಾವಿಯ ನೀರಿನ ಮಾತೆತ್ತಿದರು. ನೀರಿನಲ್ಲಿ ಕರಗಿದ ಲವಣಗಳು ಕಾದ ಲೋಹದ ಮೇಲೆ ಕಿಟ್ಟವಾಗಿ ಕೂಡುತ್ತವೆ. ಬರಿಯ ನೀರು ತುಕ್ಕನ್ನೂ ತರುತ್ತದೆ. ಆದುದರಿಂದ ಭಟ್ಟಿಯಿಳಿಸಿದ ನೀರೂ ಕೂಲಂಟೂ ಸಮಪಾಲಾಗಿ ಬೆರೆಸಿ ತುಂಬಬೇಕು.

ಮಾಸ್ತರರಿಗೆ ಈ ಮಾತು ಮನಸ್ಸಿಗೆ ನಾಟಿತು. ಡಯಾಲಿಸಿಸ್ ಯಂತ್ರದಲ್ಲಿ ನಿಮಿಷಕ್ಕೆ ಸಾಮಾನ್ಯವಾಗಿ ೫೦೦ ಮಿಲಿಲೀಟರು ದ್ರಾವಣ ಹರಿಯುತ್ತದೆ. ನಾಲ್ಕು ತಾಸಿಗೆ ಅದು ೧೨೦ ಲೀಟರು. ಅಷ್ಟೂ ನೀರು ಶುದ್ಧೀಕರಣ ಯಂತ್ರದಿಂದ ಹಾದು ಬಂದದ್ದೇ ಆಗಿರಬೇಕೆಂದು ಆಸ್ಪತ್ರೆಯ ತಂತ್ರಜ್ಞನು ಅವರಿಗೆ ವಿವರಿಸಿದ್ದನು. ಒಂದು ಕಡೆಗೆ ಆ ಎಚ್ಚರ, ಇನ್ನೊಂದು ಕಡೆಗೆ ಕೈಗೆ ಸಿಕ್ಕ ಬಿಂದಿಗೆಯ ನೀರು!

ಹಳೆಯ ದ್ರವವನ್ನು ಚರಂಡಿಗೆ ಚೆಲ್ಲಲು ಮಿಸ್ತ್ರಿ ಬಿಡಲಿಲ್ಲ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಎಂಬ ವಸ್ತು ರುಚಿಗೆ ಸಿಹಿ, ಪರಿಣಾಮಕ್ಕೆ ವಿಷ. ಬೀದಿಯ ನಾಯಿ-ಬೆಕ್ಕುಗಳು ನೆಕ್ಕಿದರೆ ಅವುಗಳ ಮೂತ್ರಪಿಂಡಗಳೇ ಕೆಡುತ್ತವೆ. ಮನೆಯಲ್ಲಿ ಅಂಥದೇ ವ್ಯಾಧಿಯನ್ನು ಕಂಡ ಮಾಸ್ತರರು ಆ ದ್ರವವನ್ನು ಡಬ್ಬಿಯಲ್ಲಿ ಮುಚ್ಚಿ ಇಡುವುದನ್ನು ಸುಮ್ಮನೆ ನೋಡುತ್ತ ನಿಂತರು. ಹೊಸ ದ್ರವ ತುಂಬಿ, ಸಿಕ್ಕಿಕೊಂಡ ಗಾಳಿ ಹೊರಹೋಗುವವರೆಗೆ ಎಂಜಿನ್ನನ್ನು ಓಡಿಸಿ, ತಣಿಸಿ, ಮತ್ತೆ ಮಟ್ಟ ನೋಡಿ, ಗಾಡಿಯನ್ನು ಒಪ್ಪಿಸಲಾಯಿತು. ಆದ ವೆಚ್ಚವು ಎಂಜಿನ್ನು ಬಿಚ್ಚುವ ವೆಚ್ಚದ ಒಂದು ಸಣ್ಣ ಪಾಲು.

ಕುಂಬಾರ ಗುಂಡಯ್ಯನವರು ಮಡಕೆ ಮಾಡುತ್ತಲೇ ಶರಣರಾದವರು. ಚರ್ಮದ ಕಾಯಕದ ಡೋಹರ ಕಕ್ಕಯ್ಯನವರು ಐಕ್ಯರಾದ ಸ್ಥಳವೆಂದು ಭಕ್ತರು ನಂಬುವ ಕಕ್ಕೇರಿಯು ಖಾನಾಪುರ ತಾಲೂಕಿನದೇ ಊರು. ನೀರು ಹಿಡಿಯುವ ಮಡಕೆ, ನೀರು ಹೊರುವ ಚರ್ಮ: ಎರಡರಲ್ಲಿಯೂ ಕೆಲಸದ ಸತ್ಯಾಸತ್ಯತೆಯನ್ನು ನೀರೇ ಹೇಳಿಬಿಡುತ್ತದೆ. ಅಂಥ ಕಾಯಕದಲ್ಲಿ ತೋರಿಕೆಗೆ ಎಡೆಯಿಲ್ಲ. ಉದ್ಯಮಬಾಗಿನ ಆ ಮಿಸ್ತ್ರಿಯ ಕಾಯಕವೂ ಅದೇ ಬಗೆಯದು. ಹನಿಯನ್ನು ಮುಚ್ಚುವುದು ಸುಲಭ. ಹನಿ ಏಕೆ ಬಿತ್ತೆಂದು ಕೇಳುವುದು ಕಷ್ಟ. ಶಾಲೆಯಲ್ಲಿ ತಪ್ಪು ಉತ್ತರ ಬರೆದ ಬಾಲಕನ ಬಾಯಿ ಮುಚ್ಚಿಸುವುದೂ, ಮನೆಯಲ್ಲಿ ನೋವು ಹೇಳಿಕೊಂಡವರನ್ನು ಸುಮ್ಮನಿರಿಸುವುದೂ ಆ ರಂಧ್ರಕ್ಕೆ ಅಂಟು ತುಂಬಿದಂತೆಯೇ. ಮಾಸ್ತರರ ಪತ್ನಿ ಕಾಲು ಬಾಯುತ್ತಿದೆಯೆಂದು ಮೊದಲು ಹೇಳಿದಾಗ, ವಯಸ್ಸಿಗೆ ಸಹಜವೆಂದು ಮನೆಯವರೆಲ್ಲ ತಳ್ಳಿಹಾಕಿದ್ದರು. ದೇಹವೂ ತನ್ನ ರಂಧ್ರದಿಂದ ಎಚ್ಚರಿಸಿತ್ತು; ಅಂದು ಕನ್ನಡಿ ಹಿಡಿದು ನೋಡುವವರು ಇರಲಿಲ್ಲ.

ಪಂಪಿಗೆ ಬದಲಿ ಸಿಕ್ಕಿತು. ಆ ತಾಯಿಯ ವ್ಯಾಧಿಗೆ ಅಷ್ಟು ಸುಲಭದ ಬದಲಿಯಿಲ್ಲ. ಮಾಸ್ತರರ ನೋಟುಬುಕ್ಕಿನಲ್ಲಿ ಎಡಗಡೆಯ ಅಂಕಿಗಳು ಇಂದಿಗೂ ಏರುತ್ತ ಇಳಿಯುತ್ತ ಸಾಗಿವೆ. ಬಲಗಡೆಯ ಅಂಕಿ ತಿಂಗಳುಗಳಿಂದ ಒಂದೇ ಆಗಿದೆ. ಆದರೂ ಅವರು ಬಲಗಡೆಯನ್ನು ಬರೆಯುವುದನ್ನು ಬಿಟ್ಟಿಲ್ಲ. “ಅದು ಸರಿ ಐತಲ್ರೀ, ಇನ್ನ ಯಾಕ ಬರೀತೀರಿ?” ಎಂದು ಪತ್ನಿ ಕೇಳಿದರೆ, “ಸರಿ ಐತಿ ಅಂತ ಗೊತ್ತಾಗೂದಕ್ಕೂ ಬರೀಬೇಕಾಗತದ,” ಎನ್ನುತ್ತಾರೆ. ಈ ಸಂಚಿಕೆಯನ್ನು ಓದುವ ವಿದ್ಯಾರ್ಥಿಗಳು ಮುಂದೆ ವೈದ್ಯರಾಗಲಿ, ಯಂತ್ರಶಿಲ್ಪಿಗಳಾಗಲಿ, ಮನೆಯೊಂದರ ಯಜಮಾನರಾಗಲಿ, ಕೈಗೆ ಉಪಕರಣ ತೆಗೆದುಕೊಳ್ಳುವ ಮುನ್ನ ಕೈಗೆ ಲೇಖನಿ ತೆಗೆದುಕೊಳ್ಳುವ ಈ ರೂಢಿಯನ್ನು ಕಲಿತರೆ ಅವರ ಓದು ಸಾರ್ಥಕವಾದೀತು.